ಪಕ್ಕದಿಂದ ಬರುವವರು

ನನಗೆ ಹೊಡೆದಾಟದ ಆಟವೆಂದರೆ ಪ್ರಾಣ. ಟಿವಿಗೆ ವೈರು ಸಿಕ್ಕಿಸಿ, ಕೈಯಲ್ಲಿ ರಿಮೋಟು ಹಿಡಿದು, ಬೀದಿಯೊಂದರಲ್ಲಿ ಎಡದಿಂದ ಬಲಕ್ಕೆ ನಡೆಯುತ್ತಾ ಎದುರು ಸಿಕ್ಕ ಪುಂಡರನ್ನೆಲ್ಲ ಗುದ್ದಿ ಕೆಡಹುವ ಹಳೇ ಕಾಲದ ವಿಡಿಯೋ ಗೇಮು. ಹೆಂಗಸಿಗೆ ಇದೆಂಥ ಹುಚ್ಚು ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ, ಅವರ ಮೂಗು. ಬೆಳಗಿನ ಬಸ್ಸಿನಲ್ಲಿ ಯಾವನೋ ಮೈಮೇಲೆ ಒರಗಿಕೊಂಡು ನಿಂತಾಗ, ಕೆಲಸದ ಕಡೆ ಸೂಪರ್‌ವೈಸರ್ ಇಲ್ಲದ್ದಕ್ಕೆಲ್ಲ ರೇಗಿದಾಗ ಹಲ್ಲು ಕಚ್ಚಿಕೊಂಡು ಇರಬೇಕಾದ ನನ್ನಂಥವಳಿಗೆ, ಸಂಜೆ ಮನೆಗೆ ಬಂದು ಹತ್ತಾರು ಜನರನ್ನು ಬಡಿದು ಮಲಗಿಸುವುದರ ಸುಖ ಅವರಿಗೇನು ಗೊತ್ತು? ಕೋಪ ನನಗೆ ಹುಟ್ಟಿನಿಂದ ಬಂದದ್ದು. ಅದಕ್ಕೊಂದು ಜಾಗ ಸಿಕ್ಕಿದ್ದು ಆ ಆಟದಲ್ಲಿ.

ಅದನ್ನು ಮನೆಗೆ ತಂದವನು ಅಣ್ಣ. ನಮ್ಮೂರು ದೇವನಹಳ್ಳಿಗೆ ಹತ್ತಿರ. ಆಗಿನ್ನೂ ವಿಮಾನ ನಿಲ್ದಾಣದ ಕಾಂಪೌಂಡು ಏಳುತ್ತಿತ್ತು. ಮಣ್ಣು ಹೊರುವ ಟಿಪ್ಪರುಗಳ ಧೂಳು ದ್ರಾಕ್ಷಿ ಎಲೆಯ ಮೇಲೆಲ್ಲ ಕೂತಿರುತ್ತಿತ್ತು. ಅಂಥದೊಂದು ಟಿಪ್ಪರಿನಲ್ಲಿ ಕ್ಲೀನರ್ ಆಗಿದ್ದ ಅಣ್ಣ ಒಂದು ದಿನ ಹೊಸಕೋಟೆಯಿಂದ ಕಪ್ಪು ಬಣ್ಣದ ಟಿವಿ ಗೇಮು ತಂದ. ಅದರ ಜೊತೆ ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ನಾನಾಗ ಹೈಸ್ಕೂಲು. ಅಪ್ಪ ತೀರಿಕೊಂಡಿದ್ದರು, ಅಕ್ಕ ಎಂದೋ ಮದುವೆಯಾಗಿ ಸೂಲಿಬೆಲೆ ಕಡೆ ಹೋಗಿದ್ದಳು. ಮನೆಯಲ್ಲಿ ಅಮ್ಮ, ಅಣ್ಣ, ನಾನು.

“ಅಯ್ಯೋ, ಎಂಥ ದರಿದ್ರದ ಆಟನೋ ಇದು! ಮೂರೊತ್ತೂ ಗುದ್ದಾಟ,” ಎಂದು ಅಮ್ಮ ಸೊಪ್ಪು ಬಿಡಿಸುತ್ತಾ ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಪರದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನೋಡಿದ್ದರೆ ಅವಳಿಗೂ ಇಷ್ಟವಾಗುತ್ತಿತ್ತೇನೋ. ಚಿತ್ರವೆಲ್ಲ ಚೌಕ ಚೌಕ, ಕ್ರಾಸ್ ಸ್ಟಿಚ್ ಹಾಕಿದ ಬಟ್ಟೆಯ ಗಿಳಿಯ ಹಾಗೆ. ಎರಡು ಕಪ್ಪು ಚೌಕವಿದ್ದರೆ ಕಣ್ಣು, ಕೆಳಗೊಂದು ಇದ್ದರೆ ಬಾಯಿ. ಅಷ್ಟರಲ್ಲೇ ನಾವು ಆಡಿಸುವ ಆಳಿಗೆ ಸುಸ್ತಾಗಿದೆ ಎಂದು ನಮಗೆ ತಿಳಿಯುತ್ತಿತ್ತು. ಸುಮ್ಮನೆ ನಿಲ್ಲಿಸಿದರೆ ಅವನ ಭುಜ ಮೇಲೆ ಕೆಳಗೆ ಆಡುತ್ತಿತ್ತು. ಪುಂಡರೆಲ್ಲ ಒಂದೇ ಅಚ್ಚಿನವರು, ಅಂಗಿಯ ಬಣ್ಣ ಮಾತ್ರ ಬೇರೆ. ಹಸಿರು ಅಂಗಿಯವನು ಹೇಡಿ, ನೇರಳೆ ಅಂಗಿಯವನು ಹಿಂದಿನಿಂದ ಬಂದು ಕುತ್ತಿಗೆ ಹಿಡಿಯುವ ಕಳ್ಳ. ಗುದ್ದು ಸರಿಯಾಗಿ ಬಿದ್ದ ಕ್ಷಣ ಎಲ್ಲವೂ ರೆಪ್ಪೆ ಬಡಿಯುವಷ್ಟು ಹೊತ್ತು ನಿಂತುಬಿಡುತ್ತಿತ್ತು. ಆಮೇಲೆ ಅವನು ಹಾರಿ ಬೀಳುತ್ತಿದ್ದ. ಆ ಚೂರು ನಿಲುಗಡೆಯಲ್ಲೇ ಇರುವುದು ಮಜಾ. ಈಗಿನ ಗೇಮುಗಳಲ್ಲಿ ಬೆವರ ಹನಿಯೂ ಎಣಿಸುವಂತೆ ಕಾಣುತ್ತದೆ, ಆದರೆ ಗುದ್ದಿದರೆ ಗಾಳಿಗೆ ಗುದ್ದಿದ ಹಾಗಿರುತ್ತದೆ. ಅವನ್ನು ಮಾಡಿದವರು ಯಾರನ್ನೂ ಹೊಡೆದವರಲ್ಲ, ಯಾರಿಂದಲೂ ಹೊಡೆಸಿಕೊಂಡವರೂ ಅಲ್ಲ ಎಂದು ನನ್ನ ಅನುಮಾನ.

ಇಬ್ಬರು ಸೇರಿ ಆಡುವಾಗ ಒಂದು ಎಚ್ಚರ ಬೇಕಿತ್ತು. ನನ್ನ ಗುದ್ದು ಅಣ್ಣನ ಆಳಿಗೂ ತಗಲುತ್ತಿತ್ತು, ಅವನದು ನನ್ನ ಆಳಿಗೂ. ಅದಕ್ಕೇ ನಾವು ಪರದೆಯನ್ನು ಹಂಚಿಕೊಂಡಿದ್ದೆವು: ಎಡಗಡೆಯಿಂದ ಬರುವವರು ಅವನಿಗೆ, ಬಲಗಡೆಯವರು ನನಗೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಯಾರೂ ನಮ್ಮನ್ನು ಮುಟ್ಟಲಾಗುತ್ತಿರಲಿಲ್ಲ.

ನಿಲ್ದಾಣ ಶುರುವಾಯಿತು. ಅಣ್ಣ ಲೈಸೆನ್ಸ್ ಮಾಡಿಸಿ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸತೊಡಗಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣೇಶ, ಬಾಯಲ್ಲಿ ನಾಲ್ಕು ಭಾಷೆ. ಊರಲ್ಲಿ ಎಲ್ಲರೂ ಅವನನ್ನು ‘ಏನ್ ಗುರು’ ಎಂದು ಮಾತಾಡಿಸುವವರೇ. ವಾರಕ್ಕೊಮ್ಮೆ ರಜೆಯ ಮಧ್ಯಾಹ್ನ ಮುದ್ದೆ ಉಂಡು, ಬಾಗಿಲು ಓರೆ ಮಾಡಿ, ನಾವಿಬ್ಬರೂ ಆಡಲು ಕೂರುತ್ತಿದ್ದೆವು. ಮನೆಯ ತಗಡು ಶೀಟಿನ ಮೇಲೆ ವಿಮಾನ ಹಾದುಹೋದರೆ ಟಿವಿಯ ದನಿ ಕೇಳುತ್ತಿರಲಿಲ್ಲ. ನಾನು ಡಿಗ್ರಿ ಮುಗಿಸಿ ಗೋಡೌನಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅದು ತಪ್ಪಲಿಲ್ಲ.

ಅಂಥದೊಂದು ಮಧ್ಯಾಹ್ನ ಅಣ್ಣ ನನ್ನನ್ನೇ ಹೊಡೆಯತೊಡಗಿದ.

“ಅಣ್ಣ, ನನ್ನೇ ಬಡೀತಿದ್ದೀಯಲ್ಲ!”

“ನೀನೇ ಅಡ್ಡ ಬಂದೆ ಕಣೇ.”

“ಎಲ್ಲಿ ಅಡ್ಡ ಬಂದೆ? ಇಲ್ಲೇ ಪಕ್ಕದಲ್ಲೇ ನಿಂತಿದ್ದೀನಿ. ಎಡಗಡೆಯಿಂದ ನೋಡು, ಮೂರು ಜನ ಬಂದ್ಬಿಟ್ರು! ಅದು ನಿಂದಲ್ವಾ? ಕಣ್ಣು ಕಾಣ್ಸಲ್ವಾ ನಿಂಗೆ?”

ಎಲ್ಲರೂ ಬೈಯುವ ಬೈಗುಳ ಅದು. ಅಣ್ಣ ರಿಮೋಟು ಕೆಳಗಿಟ್ಟ. “ಇಲ್ಲ ಕಣೇ,” ಎಂದ, “ಕಾಣ್ಸಲ್ಲ.”

ಪರದೆಯ ಮೇಲೆ ನಮ್ಮಿಬ್ಬರ ಆಳುಗಳೂ ಒದೆ ತಿಂದು ಬಿದ್ದವು. ಅಣ್ಣ ಗೋಡೆಗೆ ಒರಗಿ, ಅಮ್ಮನಿಗೆ ಕೇಳಿಸದ ಹಾಗೆ ಹೇಳಿದ: ಎದುರಿಗಿರುವುದು ಚೆನ್ನಾಗೇ ಕಾಣುತ್ತದೆ, ಪಕ್ಕದಲ್ಲಿ ಏನೂ ಇಲ್ಲ, ಕತ್ತಲಾದರೆ ಎದುರಿಗೂ ಇಲ್ಲ. ರಾತ್ರಿ ಬಾಡಿಗೆಗಳನ್ನು ಸ್ನೇಹಿತರಿಗೆ ಬಿಟ್ಟುಕೊಟ್ಟು ಹಗಲು ಮಾತ್ರ ಓಡಿಸುತ್ತಿದ್ದನಂತೆ. ಆ ವಾರ ಹೈವೇಯಲ್ಲಿ ಪಕ್ಕದಿಂದ ಬಂದ ಬೈಕು ಕನ್ನಡಿಗೆ ಸವರಿಕೊಂಡು ಹೋದಾಗಲೇ ಅಲ್ಲಿ ಬೈಕಿತ್ತೆಂದು ಅವನಿಗೆ ಗೊತ್ತಾದದ್ದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡಿದ್ದನಂತೆ ಬೈಕಿನವನು. ಮಾರನೆಯ ದಿನ ಅಣ್ಣ ಕಾರಿನ ಕೀ ಮಾಲೀಕನಿಗೆ ಒಪ್ಪಿಸಿ ಬಂದ. ಅವನ ಬಿಳಿ ಅಂಗಿಗಳನ್ನು ನಾನೇ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ, ಹಾಕುವಾಗ ಅಳು ಬಂತು.

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋದವರು ನಾವಿಬ್ಬರೇ. ಡಾಕ್ಟರಮ್ಮ ಏನೇನೋ ದೀಪ ಬಿಟ್ಟು ನೋಡಿ, “ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆ ಆಗಿದ್ರಾ?” ಎಂದರು. ಹೌದು, ಅಪ್ಪ ಅಮ್ಮನಿಗೆ ಸೋದರಮಾವ, ಅಮ್ಮನ ತಾಯಿಯ ಒಡಹುಟ್ಟಿದ ತಮ್ಮ. ನಮ್ಮ ಕಡೆ ಅದು ಹೇಳಿಕೊಳ್ಳುವಂಥ ಸಂಬಂಧ. ಹೆಣ್ಣು ಹೊರಗೆ ಹೋಗಲಿಲ್ಲ ಎಂದು ಅಜ್ಜಿ ಸಾಯುವವರೆಗೂ ಹಿಗ್ಗುತ್ತಿದ್ದಳು. ಇದು ಹಾಗೆ ರಕ್ತದಲ್ಲಿ ಇಳಿದು ಬರುವ ಕಾಯಿಲೆ, ನೋಟ ಸುತ್ತಲಿಂದ ಮುಚ್ಚುತ್ತಾ ನಡುವಿಗೆ ಬರುತ್ತದೆ, ಔಷಧಿ ಇಲ್ಲ ಎಂದರು ಡಾಕ್ಟರಮ್ಮ. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಆಡಿದ್ದು ಒಂದೇ ಮಾತು: “ಯಾವುದ್ರಿಂದ ಬಂತು ಅನ್ನೋದು ಅಮ್ಮಂಗೆ ಹೇಳ್ಬೇಡ. ತಡ್ಕೊಳ್ಳಲ್ಲ.”

ಹಾಗಾಗಿ ಅಮ್ಮನಿಗೆ ತಿಳಿದದ್ದು ಮಗನ ಕಣ್ಣು ಮಂಜು, ಸಂಜೆಯಾದರೆ ತಡವರಿಸುತ್ತಾನೆ ಎನ್ನುವುದಷ್ಟೇ. ದಿನ ಬಿಟ್ಟು ದಿನ ನುಗ್ಗೆಸೊಪ್ಪಿನ ಸಾರು ಮಾಡಿದಳು. ಗ್ರಾಮದೇವತೆಗೆ ಹರಕೆ ಹೊತ್ತು ಬೆಳ್ಳಿಯ ಕಣ್ಣು ಮಾಡಿಸಿ ಒಪ್ಪಿಸಿದಳು. ಅಷ್ಟರಲ್ಲಿ ಅಣ್ಣ ಹೊಸಿಲು ಎಡವುವುದು, ಪಕ್ಕದಲ್ಲಿಟ್ಟ ಲೋಟಕ್ಕೆ ಕೈ ತಾಗಿಸಿ ಉರುಳಿಸುವುದು ಹೆಚ್ಚಾಯಿತು. ಆಟ ಮಾತ್ರ ಬಿಡಲಿಲ್ಲ. ಚೌಕಗಳು ದಪ್ಪ, ಬಣ್ಣಗಳು ಗಾಢ. ಫೋನಿನ ಅಕ್ಷರ ಕಾಣದಾದ ಮೇಲೂ ಅವನಿಗೆ ಆ ಆಳು ಕಾಣುತ್ತಿದ್ದ.

ಆಗ ಅಮ್ಮನೂ ಅಕ್ಕನೂ ಸೇರಿ ಪರಿಹಾರವೊಂದನ್ನು ಕಂಡುಹಿಡಿದರು. ಅಣ್ಣನಿಗೆ ಅಕ್ಕನ ಮಗಳನ್ನು ತರುವುದು.

“ಹೊರಗ್ನೋರು ಯಾರು ಕೊಟ್ಟಾರು ಇವ್ನಿಗೆ? ಮನೆ ಹೆಣ್ಣಾದ್ರೆ ಕೈ ಹಿಡ್ದು ನಡೆಸ್ತಾಳೆ,” ಎಂದಳು ಅಮ್ಮ. ಅಕ್ಕನಿಗೂ ಒಪ್ಪಿಗೆ, ತಮ್ಮನನ್ನು ಕೈಬಿಟ್ಟಳು ಎಂಬ ಮಾತು ಅವಳಿಗೆ ಬೇಡ. ಹುಡುಗಿ ಆಗಷ್ಟೇ ಪಿಯುಸಿ ಮುಗಿಸಿ ನರ್ಸಿಂಗ್ ಸೇರುವ ಆಸೆಯಲ್ಲಿದ್ದಳು. ಮಾವ ಎಂದರೆ ಅವಳಿಗೆ ಅಕ್ಕರೆ, ಆದರೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಯಾವ ಬಾವಿಗೆ ಬಿದ್ದು ಕಾಲು ಮುರಿಯಿತೋ ಅದೇ ಬಾವಿಗೆ ಇನ್ನೊಬ್ಬಳನ್ನು ಇಳಿಸುತ್ತಿದ್ದಾರೆ, ಅದೂ ಪ್ರೀತಿಯಿಂದ!

“ನೀನ್ ಹೇಳ್ತೀಯೋ, ನಾನ್ ಹೇಳ್ಲೋ?” ಎಂದು ಅಣ್ಣನನ್ನು ಹಿತ್ತಿಲಲ್ಲಿ ಹಿಡಿದು ಕೇಳಿದೆ.

“ಸುಮ್ನಿರು. ನಾನೇ ಬೇಡ ಅಂತೀನಿ.”

ಬೇಡ ಎಂದ. ನಾಚಿಕೆ ಎಂದು ನಕ್ಕರು. ಮತ್ತೆ ಬೇಡ ಎಂದ. ಸಂಕೋಚ, ನಮಗೆ ಹೊರೆಯಾಗುತ್ತೀನಿ ಅನ್ನುತ್ತಾನೆ ಎಂದು ಅಕ್ಕ ಕಣ್ಣೊರೆಸಿಕೊಂಡಳು. ಒಂದು ಶುಕ್ರವಾರ ಅಕ್ಕ, ಭಾವ, ಹುಡುಗಿ ಮೂವರೂ ಬಂದೇಬಿಟ್ಟರು. ತಟ್ಟೆಯಲ್ಲಿ ಎಲೆಅಡಿಕೆ, ಹೂವು, ತೆಂಗಿನಕಾಯಿ. ಹುಡುಗಿಗೆ ಹೂ ಮುಡಿಸಿಬಿಟ್ಟರೆ ಮಾತು ಮುಗಿದಂತೆ. ಅಮ್ಮ ಹೂವಿಗೆ ಕೈ ಹಾಕಿದಳು.

“ಅಮ್ಮ, ಹೂ ಕೆಳಗಿಡು,” ಎಂದ ಅಣ್ಣ. “ನೀನೂ ಅಪ್ಪನೂ ಮದುವೆ ಆಗಿದ್ದಕ್ಕೇ ನಂಗೆ ಹಿಂಗಾಗಿರೋದು. ಡಾಕ್ಟ್ರು ಹೇಳವ್ರೆ. ಇವಳಿಗೆ ಹುಟ್ಟೋ ಮಕ್ಳಿಗೂ ಹಿಂಗೇ ಆದ್ರೆ ಯಾರಮ್ಮ ಕೈ ಹಿಡ್ದು ನಡೆಸೋರು?”

ಹುಡುಗಿ ಒಂದು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಅಕ್ಕ ಅವಳ ಮುಖ ನೋಡಿದಳು, ಆಮೇಲೆ ತಟ್ಟೆಗೆ ಸೆರಗು ಮುಚ್ಚಿದಳು. ಊಟ ಮಾಡಿ ಹೋಗಿ ಎನ್ನುವವರೂ ಇರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವರು ಹೊರಟುಹೋದರು.

ಅಮ್ಮ ಕಂಬಕ್ಕೆ ಒರಗಿ ಕೂತವಳು ಕೂತೇ ಇದ್ದಳು. ಒಲೆ ಹಚ್ಚಲಿಲ್ಲ. ಅತ್ತಿದ್ದರೆ ನಾನೂ ಜೊತೆಗೆ ಅಳುತ್ತಿದ್ದೆ; ಅಳಲೂ ಇಲ್ಲ. ಹೊತ್ತು ಇಳಿಯುವಾಗ ಎದ್ದು ಬಂದು, “ಲೇ, ಆ ಗುದ್ದಾಟನ ಹಾಕು,” ಎಂದಳು ನನಗೆ. “ಇವನಿಗೆ ಎಷ್ಟು ಕಾಣಕಿಲ್ಲ ಅಂತ ನಾನು ನೋಡ್ಬೇಕು.”

ಹಾಕಿದೆ. ಅಣ್ಣ ಬೇಡ ಎನ್ನದೆ ರಿಮೋಟು ತೆಗೆದುಕೊಂಡು ಟಿವಿಯ ಎದುರು ಕೂತ. ಅಮ್ಮ ಮೊದಲ ಸಲ ಆ ಪರದೆಯನ್ನು ನೋಡಿದಳು. ಬೀದಿ ಸರಿಯಿತು, ಎಡತುದಿಯಿಂದ ಹಸಿರು ಅಂಗಿಯವನು ಬಂದು ಅಣ್ಣನ ಆಳಿಗೆ ಗುದ್ದಿದ.

“ಇವ್ನು ಬಂದಿದ್ದು ಕಾಣ್ಲಿಲ್ವಾ ಮಗ?”

“ಇಲ್ಲಮ್ಮ.”

ಕೆಳಗಿನಿಂದ ಇನ್ನೊಬ್ಬ ಬಂದ.

“ಇವ್ನು?”

“ಇಲ್ಲಮ್ಮ.”

ಅಮ್ಮ ಎದ್ದು ಅಣ್ಣನ ಪಕ್ಕಕ್ಕೆ ಹೋಗಿ, ಅವನ ತೋಳಿಗೆ ತಗಲುವಷ್ಟು ಹತ್ತಿರ ಕೂತಳು. ಅವನು ಪರದೆಯಿಂದ ಮುಖ ತಿರುಗಿಸಲಿಲ್ಲ.

“ನಾನು?”

ಅಣ್ಣ ರಿಮೋಟು ಕೆಳಗಿಟ್ಟ.

“ಇಲ್ಲಮ್ಮ,” ಎಂದ.