ಎದುರುಮನೆ ಅತ್ತೆಗೆ ಬೆಳಕು ಏರಿಸಿಕೊಟ್ಟಿದ್ದು

ಮೊನ್ನೆ ಭಾನುವಾರ ಹೊಸ ಗೇಮ್ ಒಂದನ್ನು ಹಾಕಿಕೊಂಡು ಕೂತೆ. ಶುರುವಾಗುವ ಮುನ್ನ ಪರದೆ ಕಪ್ಪಾಯಿತು. ನಡುವೆ ಮಸುಕಾದ ಒಂದು ಚಿತ್ರ, ಕೆಳಗೆ ಬ್ರೈಟ್‌ನೆಸ್ ಗೆರೆ. ಚಿತ್ರ ಕಂಡೂ ಕಾಣದಂತಿರುವಷ್ಟು ಬೆಳಕು ಇಟ್ಟುಕೊಳ್ಳಿ ಎಂಬ ಸೂಚನೆ. ಎಲ್ಲರೂ ಎರಡು ಸೆಕೆಂಡಿನಲ್ಲಿ ದಾಟಿ ಹೋಗುವ ಪುಟ ಅದು. ನಾನು ಅಲ್ಲೇ ಕೂತುಬಿಟ್ಟೆ. ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಂದ ಹಾಗಾಯಿತು... ಎದುರುಮನೆ ಅತ್ತೆಯ ಸೀರೆಯ ವಾಸನೆ.

ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಆ ವಾಸನೆಯನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಅತ್ತೆ ಎಂದರೆ ನೆಂಟರೇನಲ್ಲ, ಎದುರುಮನೆಯವರು ಅಷ್ಟೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮ ಬೀದಿಯ ರೇಷ್ಮೆ ಕಾರ್ಖಾನೆ ಫಿಲೇಚರಿನಲ್ಲಿ ನೂಲು ತೆಗೆಯುವ ಕೆಲಸ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದೊಂದರ ಎಳೆಯ ತುದಿ ಹುಡುಕಿ ಮೇಲಿನ ರಾಟೆಗೆ ಕೊಡಬೇಕು. ಅತ್ತೆ ಅದನ್ನು ನೋಡದೇ ಮಾಡುತ್ತಿದ್ದರು. ಪಕ್ಕದವಳ ಜೊತೆ ಹರಟುತ್ತಾ, ಬೆರಳಿನಲ್ಲೇ ತುದಿ ಹಿಡಿಯುತ್ತಿದ್ದರು. ಎಲ್ಲರೂ ಹೊಗಳುತ್ತಿದ್ದರು. ಆ ಜಾಣ ಬೆರಳುಗಳೇ ಅವರಿಗೆ ಮುಳುವಾದವು ಎಂದು ಈಗ ಅನ್ನಿಸುತ್ತದೆ.

ನಾನಾಗ ಚಿಂತಾಮಣಿಯಲ್ಲಿ ಡಿಗ್ರಿ ಓದುತ್ತಿದ್ದೆ. ಬಸ್ಸಿಳಿದು ಮನೆಗೆ ಬಂದರೆ ಕಂಪ್ಯೂಟರ್ ಮುಂದೆ ಕೂರುವುದು, ಅಮ್ಮನ ಕೈಲಿ ಬೈಸಿಕೊಳ್ಳುವುದು. ಒಂದು ದಿನ ಅತ್ತೆ ಕೆಲಸ ಮುಗಿಸಿ ಕಾಫಿಪುಡಿ ಕೇಳಲು ಬಂದವರು ನನ್ನ ಹಿಂದೆ ನಿಂತು ಅರ್ಧ ಗಂಟೆ ನೋಡಿದರು. ಒಬ್ಬ ಹೆಂಗಸು ಲಾಂದ್ರ ಹಿಡಿದು ಗುಹೆಯೊಳಗೆ ನಡೆಯುವ ಆಟ ಅದು.

"ಏಮಮ್ಮಾ, ಅವಳನ್ನ ಒಂದ್ಸಲ ನಾನು ನಡೆಸ್ಲಾ?" ಎಂದರು.

ಅವತ್ತಿನಿಂದ ಸಂಜೆ ಐದರ ಹೊತ್ತು ಅತ್ತೆಯದಾಯಿತು. ಎಳೆ ಹಿಡಿದು ಪಳಗಿದ ಕೈ, ಹದಿನೈದೇ ದಿನದಲ್ಲಿ ನನ್ನನ್ನು ಮೀರಿಸಿದರು. ದೆವ್ವ ಎದುರಿಗೆ ಬಂದರೆ "ಬಾರೋ ಮುಂಡೇದೇ" ಎಂದು ಬೈದು ಹೊಡೆಯುತ್ತಿದ್ದರು. ಅಮ್ಮ ಒಳಗಿನಿಂದ "ಇಬ್ರಿಗೂ ಬುದ್ಧಿ ಇಲ್ಲ" ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟು ನಗುವ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಆ ಆಟವೂ ಶುರುವಿಗೆ ಬ್ರೈಟ್‌ನೆಸ್ ಕೇಳುತ್ತಿತ್ತು. ಹತ್ತರಲ್ಲಿ ನಾನು ನಾಲ್ಕಕ್ಕೆ ಇಟ್ಟುಕೊಂಡಿದ್ದೆ. ಗುಹೆ ಕತ್ತಲಾಗಿದ್ದರೇ ಮಜಾ. ಅತ್ತೆಗೆ ಆರು ಬೇಕಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಎಂಟು. "ಬೆಳಕು ಒಂಚೂರು ಜಾಸ್ತಿ ಮಾಡಮ್ಮ" ಎನ್ನುತ್ತಿದ್ದರು, ನಾನು ಏರಿಸುತ್ತಿದ್ದೆ, ಅವರು ಎದ್ದು ಹೋದಮೇಲೆ ಗೊಣಗಿಕೊಂಡು ಇಳಿಸುತ್ತಿದ್ದೆ. ಸಂಕ್ರಾಂತಿಗೆ ಹತ್ತು ಮುಟ್ಟಿದೆವು. ಗುಹೆಯ ಗೋಡೆಗೆಲ್ಲ ಸುಣ್ಣ ಹೊಡೆದ ಹಾಗೆ ಕಾಣುತ್ತಿತ್ತು... ಆದರೂ ಅತ್ತೆ ಸೋಲತೊಡಗಿದರು.

"ಎದುರಿಗೆ ಬಂದ್ರೆ ನೋಡ್ಕೊತೀನಿ ಕಣೇ. ಈ ನನ್ಮಗ ಪಕ್ಕದಿಂದ ಬಂದ್ಬಿಡ್ತಾನೆ. ಕಾಣ್ಸೋದೇ ಇಲ್ಲ."

"ಇಷ್ಟು ಬೆಳಕಲ್ಲೂ ಕಾಣ್ಸಲ್ಲ ಅಂದ್ರೆ ದೆವ್ವಕ್ಕೇ ಅವಮಾನ ಅತ್ತೆ," ಎಂದು ನಕ್ಕೆ. ಆಟದೊಳಗಿನ ಬೆಳಕು ಇನ್ನು ಏರುತ್ತಿರಲಿಲ್ಲ. ಮಾನಿಟರಿನ ಗುಂಡಿ ಒತ್ತಿ ಅಲ್ಲಿಯೂ ಪೂರ್ತಿ ಏರಿಸಿದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಡಾಕ್ಟರಿಗೆ ಕಣ್ಣು ತೋರಿಸಿ ಎನ್ನಲು ನನಗೆ ತೋಚಲಿಲ್ಲ. ನಮ್ಮ ಬೀದಿಯಲ್ಲಿ ಕಣ್ಣು ಮಂಜಾಗುವುದು ಕಾಯಿಲೆಯ ಲೆಕ್ಕವೇ ಅಲ್ಲ. ತೊಟ್ಟಿಯ ಹಬೆಗೆ, ಒಲೆಯ ಹೊಗೆಗೆ ಎಲ್ಲರ ಕಣ್ಣೂ ಕೆಂಪು, ಎಲ್ಲರ ಕಣ್ಣಲ್ಲೂ ನೀರು. ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡು ಮಲಗಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಡಿಗ್ರಿ ಓದುತ್ತಿದ್ದವಳು!

ಯುಗಾದಿ ಕಳೆದ ಮೇಲೆ ಅತ್ತೆ ಗೂಡಿನ ಮಾರುಕಟ್ಟೆ ಮುಂದೆ ರಸ್ತೆ ದಾಟುವಾಗ ಪಕ್ಕದಿಂದ ಬಂದ ಸ್ಕೂಟರಿಗೆ ಸಿಕ್ಕಿ ಬಿದ್ದರು. ಕೈಗೆ ಪೆಟ್ಟು. ಸ್ಕೂಟರ್ ಕಾಣಲೇ ಇಲ್ಲ ಎಂದು ಅವರು ಹೇಳಿದ್ದನ್ನು ಕೇಳಿ, ಕೈಗೆ ಪಟ್ಟಿ ಕಟ್ಟಿದ ಡಾಕ್ಟರೇ ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಜೊತೆಗೆ ಹೋದವಳು ನಾನು.

ಅಲ್ಲಿ ಅತ್ತೆಯನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಗಲ್ಲ ಊರಿ ಒಳಗೆ ನೇರ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. "ನಮ್ಮ ಗೇಮ್ ಥರಾನೇ ಐತೆ" ಎಂದು ನನ್ನ ಕಡೆ ನೋಡಿ ನಕ್ಕು, ಹುಮ್ಮಸ್ಸಿನಿಂದ ಕೂತರು. ಯಂತ್ರ ಟಕ್ ಟಕ್ ಎನ್ನುತ್ತಲೇ ಇತ್ತು. ಅತ್ತೆಯ ಬೆರಳು ಅಲ್ಲಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿದ್ದ ನರ್ಸಿಗೆ ಮೆಲ್ಲಗೆ ಹೇಳಿದರು:

"ಬೆಳಕು ಒಂಚೂರು ಜಾಸ್ತಿ ಮಾಡಮ್ಮ."



ಗ್ಲಾಕೋಮಾ ಎಂದರು ಡಾಕ್ಟರು. ಕಣ್ಣೊಳಗಿನ ಒತ್ತಡ ನರವನ್ನು ತಿನ್ನುತ್ತಾ ಬರುತ್ತದೆ, ಪಕ್ಕದ ನೋಟ ಮೊದಲು ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ. "ಒಂದು ವರ್ಷ ಮುಂಚೆ ಬಂದಿದ್ರೆ ತುಂಬಾ ಉಳಿಸ್ಕೊಬಹುದಿತ್ತು. ಯಾರೂ ಗಮನಿಸ್ಲಿಲ್ವಾ?" ಎಂದು ನನ್ನನ್ನೇ ನೋಡಿ ಕೇಳಿದರು.

ನಾನು ಗಮನಿಸಿದ್ದೆ. ಆರು, ಎಂಟು, ಹತ್ತು. ಫಿಲೇಚರಿನಲ್ಲಿ ಅವರ ಬೆರಳು ಕಣ್ಣಿನ ಕೆಲಸವನ್ನೂ ಮಾಡಿ ಎಲ್ಲವನ್ನೂ ಮುಚ್ಚಿಹಾಕಿತ್ತು. ಅತ್ತೆಯ ನೋಟ ಹೋಗುತ್ತಿರುವುದು ಇಡೀ ಊರಿನಲ್ಲಿ ಕಾಣುತ್ತಿದ್ದದ್ದು ಒಂದೇ ಕಡೆ, ನನ್ನ ಪರದೆಯ ಮೇಲೆ. ನಾನು ತಲೆ ತಗ್ಗಿಸಿ "ಇಲ್ಲ ಸರ್" ಎಂದೆ.

ಎರಡು ವರ್ಷದಲ್ಲಿ ಉಳಿದದ್ದೂ ಹೋಯಿತು. ಅವರ ತಂಗಿ ಬಂದು ತಮ್ಮೂರು ಮುರುಗಮಲ್ಲಕ್ಕೆ ಕರೆದುಕೊಂಡು ಹೋದರು. ನಾನು ಅಲ್ಲಿಗೆ ಹೋಗಿ ಅವರನ್ನು ನೋಡಿದ್ದು ಒಂದೇ ಸಲ. ಅತ್ತೆ ನನ್ನ ಕೈ ಬಿಡದೆ ಪಕ್ಕದಲ್ಲೇ ಕೂರಿಸಿಕೊಂಡು ಬಂದವರಿಗೆಲ್ಲ ಹೇಳಿದರು: "ಇವಳೇ ಕಣ್ರೇ. ಕೇಳ್ದಾಗೆಲ್ಲ ಒಂಚೂರು ಬೇಜಾರಿಲ್ದೆ ಬೆಳಕು ಏರಿಸ್ಕೊಡ್ತಿದ್ಳು. ಕಣ್ಣಿದ್ದಾಗ ನಾನು ಖುಷಿಯಾಗಿದ್ದಿದ್ದೇ ಇವಳ ಮನೇಲಿ." ಅಲ್ಲಿ ಕೂತಿರಲು ನನ್ನಿಂದ ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದೆ. ಮತ್ತೆ ಹೋಗುವ ಧೈರ್ಯ ಬರಲಿಲ್ಲ...

ಹೋದ ಕಾರ್ತಿಕದಲ್ಲಿ ಅತ್ತೆ ತೀರಿಕೊಂಡರು. ತಿಥಿಗೆ ಹೋದೆ. ಡಾಕ್ಟರು ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ತಂಗಿಯ ಮುಂದಾದರೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಊಟಕ್ಕೆ ಕೂತಾಗ ಆಕೆ ನನ್ನ ಎಲೆಯ ಮುಂದೆ ಬಂದು ನಿಂತರು.

"ನೀನು ಬಂದಿದ್ದು ಒಳ್ಳೇದಾಯ್ತು ಕಣಮ್ಮ. ಅಕ್ಕ ನಿನ್ನನ್ನ ಮಗಳು ಅಂತಿದ್ಳು," ಎಂದು ಎರಡು ವಡೆ ಜಾಸ್ತಿ ಬಡಿಸಿದರು.

ನಾನು ತಿಂದೆ. ತಿಥಿಯೂಟ ಉಂಡು ಹೊರಡುವಾಗ ಹೋಗಿ ಬರ್ತೀನಿ ಎನ್ನಬಾರದೆಂಬ ಪದ್ಧತಿ ನಮ್ಮ ಕಡೆ. ಯಾರ ಮುಖವನ್ನೂ ನೋಡದೆ ಎದ್ದು ಬಂದೆ.

ಈಗ ಇದನ್ನು ಬರೆಯುತ್ತಿದ್ದೇನೆ, ಕೇಳಬೇಕಾದವರು ಇಲ್ಲ. ಗೊತ್ತಾಗಿದ್ದರೆ ಅತ್ತೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆಮೇಲೆ ಕ್ಷಮಿಸುತ್ತಿದ್ದರೋ ಏನೋ... ಬೈಸಿಕೊಳ್ಳಬೇಕಿತ್ತು ನಾನು. ಅವರು ಮಗಳು ಎಂದುಕೊಂಡೇ ಹೋದರು.