ಗಟ್ಟಿ ತಾರ್

ಹೋದ ವರ್ಷದ ಆಗಸ್ಟ್. ತೋಟದ ಯಂತ್ರಗಳ ಸರ್ವಿಸ್ ಇಂಜಿನಿಯರ್ ಆಗಿ ಠಾಣೆ, ಕಲ್ಯಾಣ, ನವಿ ಮುಂಬಯಿಯ ಹೌಸಿಂಗ್ ಸೊಸೈಟಿಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಈಗಲೂ ಅದೇ ಕೆಲಸ. ಮನೆ ಡೊಂಬಿವಲಿ. ಸ್ವಾತಂತ್ರ್ಯ ದಿನಕ್ಕೆ ಎರಡು ದಿನವಿದ್ದಾಗ ಐರೋಲಿಯ ಒಂದು ಸೊಸೈಟಿಯಿಂದ ಫೋನ್ ಬಂತು. ಹುಲ್ಲು ಕತ್ತರಿಸುವ ಟ್ರಿಮ್ಮರ್‌ನ ತಾರ್ ಪದೇ ಪದೇ ತುಂಡಾಗುತ್ತಿದೆ, ಸರಿಯಾಗಿ ಹೊರಗೂ ಬರುತ್ತಿಲ್ಲ.

ಟ್ರಿಮ್ಮರ್‌ನ ತುದಿಯಲ್ಲಿ ತಿರುಗುವ ಒಂದು ಹೆಡ್ ಇರುತ್ತದೆ. ಅದರೊಳಗಿನ ಸ್ಪೂಲ್‌ಗೆ ಸುತ್ತಿದ ನೈಲಾನ್ ಎಳೆಯ ಎರಡು ತುದಿಗಳು ಹೊರಗೆ ಚಾಚಿರುತ್ತವೆ. ಹುಲ್ಲನ್ನು ಕತ್ತರಿಸುವುದು ಆ ಎಳೆಯೇ. ಅದು ಸವೆದಾಗ ಹೆಡ್ಡನ್ನು ನೆಲಕ್ಕೆ ಮೆಲ್ಲಗೆ ತಟ್ಟಿದರೆ ಒಳಗಿನಿಂದ ಇನ್ನಷ್ಟು ಬರುತ್ತದೆ. ಈ ನೈಲಾನ್ ಎಳೆಗೆ ನಮ್ಮ ಕಡೆ ಮೆಕ್ಯಾನಿಕ್, ಮಾಲಿ, ಅಂಗಡಿಯವ ಎಲ್ಲರೂ ಹೇಳುವುದು ‘ತಾರ್’ ಎಂದೇ. ಬಟ್ಟೆ ಒಣಗಿಸುವ ತಂತಿಯೂ ತಾರ್, ಕರೆಂಟಿನ ವಯರೂ ತಾರ್.

ಐರೋಲಿಯಲ್ಲಿ ಯಂತ್ರ ನಡೆಸುತ್ತಿದ್ದವರು ವಿಜಯಪುರದ ಕಡೆಯ ಮಲ್ಲಪ್ಪ. ಕತ್ತರಿಸಿದ ಹುಲ್ಲನ್ನು ಗುಡಿಸಿ ಒಟ್ಟುಮಾಡುತ್ತಿದ್ದವರು ಅವರ ಹೆಂಡತಿ ಶಾಂತವ್ವ. ಹೆಡ್ ಬಿಚ್ಚಿ ನೋಡಿದೆ. ಎಳೆ ಒಂದರ ಮೇಲೊಂದು ಅಡ್ಡಡ್ಡ ಸುತ್ತಿಕೊಂಡು, ಬಿಸಿಗೆ ಅಲ್ಲಲ್ಲಿ ಅಂಟಿಹೋಗಿತ್ತು. ಉಳಿದ ಸುರುಳಿಯನ್ನು ಬೇಸಿಗೆಯಿಡೀ ಪಂಪ್ ರೂಮಿನ ತಗಡಿನ ಕೆಳಗೆ ಇಟ್ಟಿದ್ದರು. ಒಣಗಿದ ನೈಲಾನ್ ಬಾಗುವುದಿಲ್ಲ, ಮುರಿಯುತ್ತದೆ. ಬೆರಳಿಗೆ ಸುತ್ತಿ ತೋರಿಸಿದೆ. ಚಟ್ಟನೆ ಮುರಿಯಿತು.

“ಇದನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ, ಮೆತ್ತಗಾಗ್ತದೆ. ನಾಳೆ ಬೆಳಿಗ್ಗೆ ನಾನು ಹೊಸ ಸ್ಪೂಲ್ ತಂದು ಸುತ್ತಿಕೊಡ್ತೇನೆ” ಎಂದೆ.

“ತಾರ್ ನೆನಸೂದಂದ್ರ ಏನ್ರೀ ಸಾಹೇಬ್ರ, ಅದೇನ್ ಹೆಸರುಬ್ಯಾಳಿನ?” ಎಂದು ಮಲ್ಲಪ್ಪ ನಕ್ಕರು.

ಶಾಂತವ್ವ ಪೊರಕೆ ಕೆಳಗಿಡದೆ ಹೇಳಿದರು: “ಇವರ್ನೂ ಒಂದ್ ರಾತ್ರಿ ಅದರ ಜೋಡಿ ನೆನಸ್ತೀನ್ರಿ. ಸ್ವಲ್ಪ ಮೆತ್ತಗಾಗ್ತಾರ.”

ಮೂವರೂ ನಕ್ಕೆವು. ಆ ನಗುವನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಶಾಂತವ್ವನ ಎರಡು ಕಣ್ಣೂ ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಸೊಸೈಟಿಯ ಸೆಕ್ರೆಟರಿ ಪ್ರಸಾದ್ ಬೆಂಗಳೂರಿನವರು, ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಧ್ವಜಾರೋಹಣದ ಹೊತ್ತಿಗೆ ಲಾನ್ ಚೊಕ್ಕಟವಾಗಿರಬೇಕೆಂಬುದು ಅವರ ಚಿಂತೆ. ಆ ಸಂಜೆ ನಡೆದದ್ದನ್ನು ನನಗೆ ಹೇಳಿದ್ದು ವಾಚ್‌ಮನ್. ಉಲ್ಹಾಸನಗರದಲ್ಲಿ ಮನೆಯಿರುವ ಅವನಿಗೆ ಪ್ರಸಾದ್, “ವಹಾಂ ಸೇ ಮಜಬೂತ್ ತಾರ್ ಲೇಕೆ ಆನಾ, ಪತಲಾ ವಾಲಾ” ಎಂದರು. ಅವನು ಅಂಗಡಿಗೆ ಹೋಗಿ ಅದೇ ಮಾತು ಹೇಳಿದ. ಗಟ್ಟಿಯಾದ, ತೆಳ್ಳನೆಯ ತಾರ್ ಕೇಳಿದವನಿಗೆ ಅಂಗಡಿಯವನು ಬೈಕಿನ ಕ್ಲಚ್ ವಯರ್ ಕೊಟ್ಟ. ಹಲವು ಉಕ್ಕಿನ ಎಳೆಗಳನ್ನು ಹೆಣೆದ ತಂತಿ ಅದು. ಯಾರೂ ಸುಳ್ಳು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಠಾಣೆಯಲ್ಲಿ ಇಳಿದು ವಾಶಿ ಕಡೆಯ ಲೋಕಲ್ ಹಿಡಿಯುವಾಗ ಮಳೆಯಿಂದ ಗಾಡಿಗಳು ತಡವಾಗಿದ್ದವು. ಅಷ್ಟರಲ್ಲಿ ಪ್ರಸಾದ್ ಆ ತಂತಿಯನ್ನು ಮಲ್ಲಪ್ಪನವರ ಕೈಗೆ ಕೊಟ್ಟಿದ್ದರು. “ಸಾಹೇಬ್ರು ಬರ್ಲಿ ತಡೀರಿ” ಎಂದು ಮಲ್ಲಪ್ಪ ಅಂದರಂತೆ. “ಅವರು ಬರೋ ಹೊತ್ತಿಗೆ ಮತ್ತೆ ಮಳೆ ಶುರುವಾಗತ್ತೆ. ಇದು ತುಂಡಾಗಲ್ಲ, ಹಾಕಿ” ಎಂದು ಪ್ರಸಾದ್ ಅಂದರಂತೆ.

ನಾನು ಗೇಟಿನಲ್ಲಿ ಸಹಿ ಮಾಡುತ್ತಿದ್ದಾಗ ಯಂತ್ರದ ಸದ್ದು ಕೇಳಿತು. ನೈಲಾನ್ ಗಾಳಿಯಲ್ಲಿ ಗುಂಯ್ ಎನ್ನುತ್ತದೆ. ಇದು ಸಿಳ್ಳೆ ಹಾಕುತ್ತಿತ್ತು. ಪೆನ್ನು ಬಿಟ್ಟು ಓಡಿದೆ. ಮಲ್ಲಪ್ಪ ಮುಖಕ್ಕೆ ಗಾರ್ಡ್, ಕಿವಿಗೆ ಮಫ್ ಹಾಕಿದ್ದರು. ಶಾಂತವ್ವ ಅವರ ಹಿಂದೆಯೇ ಬಗ್ಗಿ ಹುಲ್ಲು ಬಾಚುತ್ತಿದ್ದರು. ಟ್ರಿಮ್ಮರ್ ನಡೆಯುವಾಗ ಹದಿನೈದು ಮೀಟರ್ ಒಳಗೆ ಯಾರೂ ಇರಬಾರದೆಂಬುದು ನಿಯಮ. ಅಲ್ಲಿ ನಾಲ್ಕು ಹೆಜ್ಜೆಯೂ ಇರಲಿಲ್ಲ. “ಬಂದ್ ಮಾಡಿ!” ಎಂದು ಕೂಗಿದೆ. ಮಲ್ಲಪ್ಪನವರಿಗೆ ಕೇಳಲಿಲ್ಲ. ಶಾಂತವ್ವನಿಗೆ ಕೇಳಿತು. ತಲೆಯೆತ್ತಿ ನನ್ನ ಕಡೆ ತಿರುಗಿದರು. ಅದೇ ಗಳಿಗೆ ಹೆಡ್ ಲಾನಿನ ಅಂಚುಕಲ್ಲಿಗೆ ತಾಗಿ, ತಂತಿಯ ಒಂದು ಚೂರು ಸಿಡಿಯಿತು.

ಕೂಗದಿದ್ದರೆ ಆ ಚೂರು ಅವರ ತಲೆಗೂದಲಿಗೆ ತಾಗಿ ಹೋಗುತ್ತಿತ್ತೋ, ಕುತ್ತಿಗೆಗೆ ನುಗ್ಗುತ್ತಿತ್ತೋ ನನಗೆ ಗೊತ್ತಿಲ್ಲ. ಈ ಬಗ್ಗೆ ನನಗೆ ಇವತ್ತಿಗೂ ಒಂದು ತೀರ್ಮಾನಕ್ಕೆ ಬರಲಾಗಿಲ್ಲ.

ಅವರು ಚೀರಲಿಲ್ಲ. “ಏನೋ ಚುಚ್ಚಿದಂಗಾತ್ರಿ” ಎಂದು ಬಲಗಣ್ಣು ಉಜ್ಜಲು ಕೈ ಎತ್ತಿದರು. ನಾನು ಆ ಕೈ ಹಿಡಿದುಕೊಂಡೆ. ರಕ್ತ ಬಹಳ ಇರಲಿಲ್ಲ. ಕಪ್ಪು ಪಾಪೆಯ ಪಕ್ಕದಲ್ಲಿ ಒಂದು ಸಣ್ಣ ಗೀರು, ಅಷ್ಟೇ. ಕಣ್ಣಿಗೆ ಒತ್ತಡ ಬೀಳದಂತೆ ಚಹಾದ ಕಾಗದದ ಕಪ್ ಮುಚ್ಚಿ ಪಟ್ಟಿ ಕಟ್ಟಿದೆ. ಹೊರಡುವ ಮೊದಲು ಹೆಡ್ಡನ್ನು ತಂತಿ ಸಮೇತ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಪ್ರಸಾದ್ ತಮ್ಮ ಕಾರು ತಂದರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಮರಾಠಿಯಲ್ಲಿ ಏನು ಬಡಿದದ್ದೆಂದು ಕೇಳಿದರು. ಮಲ್ಲಪ್ಪ ಕೈಮುಗಿದು, “ತಾರ್ ಸಾಹೇಬ್, ಕಟರ್ ಕಾ ತಾರ್” ಎಂದರು. “ನೈಲಾನ್, ಡಾಕ್ಟರ್. ಪ್ಲಾಸ್ಟಿಕ್ ಲೈನ್” ಎಂದು ಪ್ರಸಾದ್ ಸೇರಿಸಿದರು. ಡಾಕ್ಟರ್ ತಲೆಯಾಡಿಸಿದರು. ಪ್ಲಾಸ್ಟಿಕ್ ಆದರೆ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಮಾಡಿಸೋಣ ಎಂದು ನರ್ಸನ್ನು ಕರೆದರು.

ನಾನು ಚೀಲಕ್ಕೆ ಕೈ ಹಾಕಿದಾಗ ಪ್ರಸಾದ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. “ಸಾರ್, ಪ್ಲೀಸ್. ನೈಲಾನ್ ಅಂತಾನೇ ಇರ್ಲಿ. ಪೊಲೀಸ್ ಕೇಸ್ ಆಗತ್ತೆ. ಟ್ರೀಟ್‌ಮೆಂಟ್ ಹೇಗೂ ಒಂದೇ ಅಲ್ವಾ?” ಕೆಟ್ಟ ಮನುಷ್ಯ ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಚಿಕಿತ್ಸೆ ಒಂದೇ ಆಗಿರಲಿಲ್ಲ.

ಹೆಡ್ಡನ್ನು ಡಾಕ್ಟರ ಮೇಜಿನ ಮೇಲಿಟ್ಟೆ. “ನೈಲಾನ್ ಅಲ್ಲ. ಸ್ಟೀಲ್.”

ಡಾಕ್ಟರ್ ಬಿಚ್ಚಿಹೋದ ಉಕ್ಕಿನ ಎಳೆಗಳನ್ನು ನೋಡಿದರು. ಬಾಗಿಲ ಹತ್ತಿರ ಹೋಗಿದ್ದ ನರ್ಸಿಗೆ, “ಥಾಂಬಾ!” ಎಂದು, ನಿಲ್ಲುವಂತೆ ಜೋರಾಗಿ ಕೂಗಿದರು. ಎಂಆರ್‌ಐ ಯಂತ್ರವೆಂದರೆ ದೊಡ್ಡ ಅಯಸ್ಕಾಂತ, ಉಕ್ಕಿನ ಚೂರಿದ್ದ ಕಣ್ಣನ್ನು ಅದರೊಳಗೆ ಇಟ್ಟರೆ ಚೂರನ್ನು ಅದು ಅಲ್ಲೇ ಎಳೆದಾಡುತ್ತದೆ ಎಂದು ಆಮೇಲೆ ನನಗೆ ವಿವರಿಸಿದರು. ಪ್ರಸಾದ್ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡರು. ಆ ದಿನ ಪೊಲೀಸರ ಮುಂದೆ ‘ಸ್ಟೀಲ್’ ಎಂದು ಮೊದಲು ಹೇಳಿದ್ದು ಅವರೇ.

ಸಿಟಿ ಸ್ಕ್ಯಾನಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಚೂರು ಕಂಡಿತು. ಆಪರೇಷನ್ ಮಾಡಿ ತೆಗೆದರು. ಕಣ್ಣುಗುಡ್ಡೆ ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಪಟ್ಟಿ ಬಿಚ್ಚಿದ ದಿನ ಶಾಂತವ್ವ ಗಂಡನಿಗೆ ಹೇಳಿದ್ದು ಇಷ್ಟು: “ಅಳಬ್ಯಾಡ್ರಿ. ನೀವು ಎಡಕ್ಕ ನಿಂದರ್ರಿ, ಕಾಣ್ತೀರಿ.”

ಅದಾದ ಮೇಲೆ ಟ್ರಿಮ್ಮರ್ ತರಲು ಐರೋಲಿಗೆ ಹೋದೆ. ಲಾನಿನ ಅರ್ಧ ಭಾಗದಲ್ಲಿ ಹುಲ್ಲು ಹಾಗೇ ಬೆಳೆದಿತ್ತು. ಪಂಪ್ ರೂಮಿನ ಮೂಲೆಯಲ್ಲಿ ಒಂದು ನೀಲಿ ಬಕೇಟು, ಮೇಲೆ ಸ್ಟೀಲ್ ತಟ್ಟೆ ಮುಚ್ಚಿತ್ತು. ಮನೆಯಿಂದ ತಂದ ಬಕೇಟು, ಊಟದ ತಟ್ಟೆ. ತೆಗೆದು ನೋಡಿದೆ. ಒಳಗೆ ನೈಲಾನ್ ಸುರುಳಿ ನೀರಿನಲ್ಲಿ ಮುಳುಗಿತ್ತು. ತೇಲದಿರಲೆಂದು ಅದರ ಮೇಲೆ ಒಂದು ಕಲ್ಲನ್ನೂ ಇಟ್ಟಿದ್ದರು ಶಾಂತವ್ವ. ಒಂದು ತುದಿ ಹೊರಗೆಳೆದು ಬೆರಳಿಗೆ ಸುತ್ತಿದೆ. ಮೂರು ಸುತ್ತು ಬಂತು. ಮುರಿಯಲಿಲ್ಲ.

ಈಗ ನಾನು ಅದನ್ನು ತಾರ್ ಎನ್ನುವುದಿಲ್ಲ, ದಾರ ಎನ್ನುತ್ತೇನೆ. ಹೊಸ ಮೆಕ್ಯಾನಿಕ್‌ಗಳು ನಗುತ್ತಾರೆ, ನಗಲಿ. ಯಾವ ಸೊಸೈಟಿಗೆ ಹೋದರೂ ಯಂತ್ರ ಚಾಲೂ ಮಾಡುವ ಮೊದಲು ನಡೆಸುವವರ ಬೆರಳಿಗೆ ಆ ಎಳೆಯನ್ನು ಸುತ್ತಿಸುತ್ತೇನೆ. “ಇದು ಏನು?” ಎಂದು ಕೇಳುತ್ತೇನೆ. ‘ತಾರ್’ ಎಂದರೆ ಮತ್ತೊಮ್ಮೆ ಕೇಳುತ್ತೇನೆ. ‘ನೈಲಾನ್ ದಾರ’ ಎಂದು ಅವರ ಬಾಯಿಂದ ಬರುವವರೆಗೆ ಸ್ಟಾರ್ಟರ್ ಹಗ್ಗ ನನ್ನ ಕೈಯಲ್ಲೇ ಇರುತ್ತದೆ.