ಬೀಗ ಹಾಕಿದ ಒಂಬತ್ತು ಮನೆ ಮತ್ತು ನಮ್ಮ ಕಸ್ತೂರಿ ಮೇಡಂ

ಬೆಳಿಗ್ಗೆಯಿಂದ ಮೂರು ಸಲ ಅವರ ನಂಬರಿಗೆ ಫೋನ್ ಮಾಡಿದೆ...
ರಿಂಗ್ ಆಗುತ್ತಿದೆ.
ಫೋನ್ ರಿಂಗ್ ಆಗುತ್ತಿರುವಾಗ ಮನುಷ್ಯರು ಇಲ್ಲ ಅಂದರೆ ಹೇಗೆ ನಂಬಲಿ...

ಬಳಗದವರೇ, ನಮ್ಮ ಕಸ್ತೂರಿ ಮೇಡಂ ತೀರಿಕೊಂಡರು.
ಇಂದು ಬೆಳಿಗ್ಗೆ ಎದೆನೋವು ಅಂದರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.
ಸಂಜೆ ನಾಲ್ಕಕ್ಕೆ ಮುಧೋಳದಲ್ಲಿ ಮಣ್ಣು ಮಾಡುತ್ತಾರೆ. ಬರುವವರು ಬನ್ನಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ನಾನು ಜಮಖಂಡಿಯಲ್ಲಿರುವ ವಿಶ್ವವಿದ್ಯಾಲಯದ ಮೌಲ್ಯಮಾಪನ ಕೇಂದ್ರದ ಜೀಪ್ ಡ್ರೈವರ್.
ಸರ್ಕಾರದ ಯೋಜನೆ ಜನರಿಗೆ ನಿಜವಾಗಿ ಮುಟ್ಟಿತೋ ಇಲ್ಲವೋ ಅಂತ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಕೇಂದ್ರದ ಕೆಲಸ.
ಮೇಡಂ ಅಲ್ಲಿ ಸಂಶೋಧಕಿ. ಓದುವ ಮಕ್ಕಳನ್ನು ಊರೂರಿಗೆ ಕರೆದುಕೊಂಡು ಹೋಗಿ ಈ ಕೆಲಸ ಕಲಿಸುತ್ತಿದ್ದರು.
ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನೂ ಅವರ ಹಿಂದೆ ತಿರುಗಿ ತಿರುಗಿ ಫಾರ್ಮ್ ಓದುವುದನ್ನು ಕಲಿತೆ.

ಕೂತರೆ ಎದ್ದು ಬಿಡುತ್ತೇನೆ.
ಜೀಪಿನ ಗಾಜು ಎರಡು ಸಲ ಒರೆಸಿದೆ... ಅದು ಮೊದಲೇ ಸ್ವಚ್ಛ ಇತ್ತು.
ಗೇಟಿನ ತನಕ ಹೋಗಿ ಬಂದೆ. ಯಾಕೆ ಹೋದೆನೋ ಗೊತ್ತಿಲ್ಲ.
ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ...

ಮೇಡಂ,
ನಿಮಗೆ ಒಂದು ಮಾತು ಹೇಳುವುದಿತ್ತು. ಇವತ್ತು ದಾರಿಯಲ್ಲಿ ಹೇಳಬೇಕು ಅಂದುಕೊಂಡಿದ್ದೆ...

ಹೋದ ತಿಂಗಳು ಅನಗವಾಡಿ ಊರು ದಾಟಿ ಆಚೆಯ ಆ ಹಳ್ಳಿ. ಅಂಗನವಾಡಿಯಿಂದ ಮಕ್ಕಳಿಗೆ ಆಹಾರ ಮುಟ್ಟುತ್ತಿದೆಯೋ ಅಂತ ಕೇಳುವ ಕೆಲಸ.
ಕುರಿಗಾರರ ಓಣಿ ನಮ್ಮ ಶಾಹಿನ್ ಪಾಲಿಗೆ ಬಂದಿತ್ತು. ತೇರದಾಳದ ಹುಡುಗಿ, ಎಂಎ ಓದುತ್ತಾಳೆ.
ಅವಳ ಲಿಸ್ಟಿನಲ್ಲಿದ್ದ ಒಂಬತ್ತು ಮನೆಗೂ ಬೀಗ. ಕುರಿ ಹೊಡೆದುಕೊಂಡು ಮಕ್ಕಳು ಮರಿ ಸಮೇತ ಹೋಗಿಬಿಟ್ಟಿದ್ದರು.

ನಿಮ್ಮ ರೂಲು ನಮಗೆಲ್ಲ ಬಾಯಿಪಾಠ. ಬೀಗ ಇದ್ದರೆ ಮತ್ತೆ ಹೋಗಬೇಕು. ಮತ್ತೂ ಬೀಗ ಇದ್ದರೆ ಅವರು ಎಲ್ಲಿದ್ದಾರೋ ಅಲ್ಲಿಗೇ ಹೋಗಬೇಕು. ಪಕ್ಕದ ಮನೆಯವರನ್ನು ಕೇಳಿ ಬರೆಯುವುದು ನಡೆಯದು.
ಮೂರನೇ ಸಲ ಹೋದಾಗಲೂ ಬೀಗ. ಬಿಸಿಲಿಗೆ ಹುಡುಗಿಯ ಮುಖ ಕೆಂಪಗಾಗಿತ್ತು.

"ಏನ್ ಮಾಡೂಣ್ರಿ ಕಾಕಾ? ಮೇಡಂ ಬೈತಾರ."

"ಬಾಜೂ ಮನಿಯವ್ರನ್ನ ಕೇಳಿ ಬರದ ಬಿಡು ಬೇ ತಂಗಿ. ಒಂದ ಓಣಿ, ಒಂದ ಅಂಗನವಾಡಿ. ಏನ್ ಫರಕ್ ಬೀಳತೈತಿ?"

ಹಾಗೆ ಹೇಳಿದವನು ನಾನು, ಮೇಡಂ.
ಇಪ್ಪತ್ತು ವರ್ಷ ಊರು ಸುತ್ತಿದ ಕಾಕಾ ಹೇಳಿದ ಅಂತ ಆ ಹುಡುಗಿ ನಂಬಿದಳು, ಹಾಗೇ ಬರೆದಳು.

ಮೊನ್ನೆ ನೀವು ಫಾರ್ಮುಗಳನ್ನು ಬಾನೆಟ್ ಮೇಲೆ ಹರವಿ, ಮನೆಯಲ್ಲಿ ಕುರಿ ದನ ಎಷ್ಟು ಅಂತ ಬರೆಯುವ ಜಾಗಕ್ಕೆ ಬೆರಳಿಟ್ಟು ನಕ್ಕಿರಿ.
"ಕಾಕಾ, ಇಲ್ಲಿ ನೋಡ್ರಿ. ಕುರಿಗಾರರ ಓಣಿ, ಒಂಬತ್ತ ಮನಿ... ಒಂದರಾಗೂ ಒಂದ ಕುರಿ ಇಲ್ಲ. ಎಲ್ಲಾ ಹಾರಿ ಹ್ವಾದುವೇನ್ರಿ?"
ನಾನೂ ನಕ್ಕೆ.
ಆಮೇಲೆ ನೀವು ನಗಲಿಲ್ಲ. ಶಾಹಿನ್‌ಳನ್ನು ಕರೆದಿರಿ.

"ಹಿಂಗ ಬರಿ ಅಂತ ಯಾರ್ ಹೇಳಿದ್ರ ನಿನಗ?"

ಅವಳು ನನ್ನ ಕಡೆ ಒಮ್ಮೆ ನೋಡಿದಳು.
ನಾನು ಬಗ್ಗಿ ಟೈರ್ ನೋಡತೊಡಗಿದೆ...

"ಯಾರೂ ಇಲ್ಲರಿ ಮೇಡಂ. ನಾನ ಬರದ್ನಿ."

"ಬಾಜೂ ಮನಿ ಕೂಸು ಉಂಡ್ರ, ಕುರಿ ಹಿಂದ ಹ್ವಾದ ಕೂಸಿನ ಹೊಟ್ಟಿ ತುಂಬತೈತೇನ? ಇನ್ನ ಮ್ಯಾಲ ನೀ ಫೀಲ್ಡಿಗೆ ಬರೂದ ಬ್ಯಾಡ."

ಆ ಓಣಿಯ ಎಲ್ಲ ಮಕ್ಕಳಿಗೂ ಆಹಾರ ಮುಟ್ಟಿದೆ ಅಂತ ರಿಪೋರ್ಟು ತಯಾರಾಗಿತ್ತು.
ಊರು ಬಿಟ್ಟಾಗ ಆ ಕೂಸುಗಳಿಗೆ ಏನು ಸಿಗುತ್ತದೆ ಅಂತ ಯಾರೂ ಕೇಳಿರಲೇ ಇಲ್ಲ.
ನೀವು ಡೈರೆಕ್ಟರ್ ಹತ್ತಿರ ಸೋಮವಾರದ ತನಕ ಟೈಮ್ ಕೇಳಿದಿರಿ. ತಪ್ಪು ನಿಮ್ಮದೇ ಅಂತ ಬರೆದುಕೊಟ್ಟಿರಿ.

ನಿನ್ನೆ ಸಂಜೆ ಐದಕ್ಕೆ ನಿಮ್ಮ ಫೋನು...
"ಕಾಕಾ, ನಾಳೆ ಏಳಕ್ಕ ಜೀಪ್ ತಯಾರ್ ಇಡ್ರಿ. ಅವ್ರು ಸಮೀರವಾಡಿ ಕಡೆ, ಕಬ್ಬ ಕಡದ ಹೊಲದಾಗ ಕುರಿ ನಿಲ್ಲಿಸ್ಯಾರಂತ. ಅಲ್ಲೇ ಹೋಗಿ ಕೇಳೂಣು."
ಹೂಂರಿ ಅಂದೆ. ಆ ಮಾತು ಬಾಯಿ ತನಕ ಬಂದಿತ್ತು. ನಾಳೆ ಹೇಳಿದರಾಯಿತು ಅಂತ ನುಂಗಿದೆ.

ಇವತ್ತು ಬೆಳಿಗ್ಗೆ ಒಂಬತ್ತು ಗಂಟೆಗೆ ಶಾಹಿನ್ ಫೋನ್ ಮಾಡಿದಳು. ಬಹಳ ಹೊತ್ತು ಬರೀ ಅಳು.
"ಮೇಡಂ ನನ್ನ ಮ್ಯಾಲ ಸಿಟ್ಟ ಇಟಗೊಂಡ ಹ್ವಾದ್ರರಿ ಕಾಕಾ..."

ಆಗಿನಿಂದ ನನಗೆ ಕೂರಲಾಗುತ್ತಿಲ್ಲ.

"ಎಲ್ಲಾರಿಗೂ ಖರೆ ಹೇಳಿ ಬಿಡತೇನಿ ತಂಗಿ" ಅಂದೆ.
"ಬ್ಯಾಡ್ರಿ. ನಿಮ್ದು ಕಾಂಟ್ರಾಕ್ಟ್ ನೌಕರಿ. ತಗದ ಹಾಕತಾರ."
"ಹಾಕಲಿ ಬಿಡು. ಗಂಡ ಮನ್ಯಾಗ ಉಳದ ಅಂತ ನಿಮ್ಮ ಕಾಕೂ ಪೇಢೆ ಹಂಚತಾಳ."
ಅಳುವಿನ ನಡುವೆ ಒಂದಿಷ್ಟು ನಕ್ಕಳು, ಮತ್ತೆ ಅತ್ತಳು.

ಬಳಗದವರೇ, ಎಲ್ಲರೂ ಓದಿ. ಶಾಹಿನ್ ತಪ್ಪು ಮಾಡಿಲ್ಲ. ನನ್ನ ಮಾತು ಕೇಳಿದಳು, ಆಮೇಲೆ ನನ್ನನ್ನು ಉಳಿಸಿದಳು.
ಡೈರೆಕ್ಟರ್ ಸಾಹೇಬರಿಗೂ ಫೋನ್ ಮಾಡಿ ಹೇಳಿದ್ದೇನೆ.
"ಮೊದಲ ಮಣ್ಣ ಮುಗೀಲಿ. ನಾಳೆ ಜೀಪ್ ತಗೊಂಡ ಸಮೀರವಾಡಿಗೆ ಹೋಗ್ರಿ. ನಿಮ್ಮ ವಿಚಾರ ಸೋಮವಾರ ನೋಡೂಣು."
"ಫಾರ್ಮ್ ಶಾಹಿನ್ ಬರೀಬೇಕ್ರಿ ಸಾಹೇಬ್ರ" ಅಂದೆ.
"ಕರಕೊಂಡ ಹೋಗ್ರಿ" ಅಂದರು.

ಮೇಡಂ, ಅವಳು ಈಗ ಮುಧೋಳದ ಬಸ್ಸಿನಲ್ಲಿದ್ದಾಳೆ. ನಾನೂ ಹೊರಟೆ.
ನಾಲ್ಕಕ್ಕೆ ಅವಳ ಕೈ ಹಿಡಿದು ನಿಮ್ಮ ಹತ್ತಿರ ಕರೆತರುತ್ತೇನೆ. ಮೊನ್ನೆ ಹೇಳಬೇಕಾಗಿದ್ದ ಮಾತನ್ನು ಅವಳಿಗೆ ಕೇಳುವ ಹಾಗೆ ಹೇಳುತ್ತೇನೆ.
ಬೈಯಬೇಕಾದವರು ನೀವು... ಸುಮ್ಮನೆ ಮಲಗಿರುತ್ತೀರಿ.

ಅಷ್ಟು ಕೇಳಿಸಿಕೊಂಡು ಹೊರಡಿ, ಮೇಡಂ.
ಬಿಸಿಲಲ್ಲಿ ಬಹಳ ತಿರುಗಿದ ಜೀವ... ಇನ್ನು ತಣ್ಣಗಿರಲಿ.